ಆರ್ಸೆನಿಕ್‌ಗೆ ಅಡುಗೆಮನೆಯ ಮದ್ದು: ತೆಳಿ, ಬೂತಾಯಿ, ಅರಿಶಿನಗಳ ಲೆಕ್ಕ

ಸಿಗಡಿ ಸುಕ್ಕ ತಿಂದು ಮೇಲೆ ನಿಂಬೆ ಶರಬತ್ತು ಕುಡಿದರೆ ಹೊಟ್ಟೆಯೊಳಗೆ ಪಾಷಾಣ, ಅಂದರೆ ಆರ್ಸೆನಿಕ್ ವಿಷ, ತಯಾರಾಗುತ್ತದೆ, ಬೆಳಗಾಗುವುದರೊಳಗೆ ಸಾವು ಖಚಿತ. ಈ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತಲು ಶುರುವಾಗಿ ವರ್ಷಗಳೇ ಆದವು. ಇನ್ನೊಂದು ಬಗೆಯ ಸಂದೇಶವೂ ಇದೆ: ಬರಿಹೊಟ್ಟೆಗೆ ಅರಿಶಿನ ನೀರು, ಬೆಳ್ಳುಳ್ಳಿಯ ಎರಡು ಎಸಳು, ತಿಮರೆ (ಒಂದೆಲಗ) ರಸ ತೆಗೆದುಕೊಂಡರೆ ಮೈಯೊಳಗಿನ ಆರ್ಸೆನಿಕ್ ತೊಳೆದುಹೋಗುತ್ತದಂತೆ. ಮೊದಲನೆಯದು ಶುದ್ಧ ಸುಳ್ಳು. ಎರಡನೆಯದರಲ್ಲಿ ಒಂದಿಷ್ಟು ನಿಜವಿದೆ, ಆದರೆ ಪ್ರಯೋಗಾಲಯದ ಇಲಿಗೂ ಕುಂದಾಪುರದ ಮನುಷ್ಯನಿಗೂ ನಡುವೆ ಇರುವ ಅಂತರವನ್ನು ಅದು ಸಲೀಸಾಗಿ ಹಾರಿಬಿಡುತ್ತದೆ.

ಸಿಗಡಿಯ ವಿಷಯ ಮೊದಲು ಮುಗಿಸೋಣ. ಕಡಲ ಮೀನು, ಸಿಗಡಿ, ಏಡಿಗಳಲ್ಲಿ ಆರ್ಸೆನಿಕ್ ಇರುವುದು ನಿಜ. ಆದರೆ ಅದರ ಬಹುಪಾಲು ಆರ್ಸೆನೊಬೀಟೈನ್ ಎಂಬ ಸಾವಯವ ರೂಪದಲ್ಲಿರುತ್ತದೆ. ದೇಹ ಅದನ್ನು ಮುರಿಯುವುದಿಲ್ಲ, ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಹಾಗೆಯೇ ಹೊರಗೆ ಹಾಕುತ್ತದೆ. ವಿಷಕಾರಿಯಾದ ಅಜೈವಿಕ ಆರ್ಸೆನಿಕ್ ಸಿಗಡಿಯಲ್ಲಿ ತೀರಾ ಅಲ್ಪ. ಉದಾರವಾಗಿ ಕಿಲೋಗೆ 0.5 ಮಿಲಿಗ್ರಾಂ ಇದೆ ಎಂದೇ ಇಟ್ಟುಕೊಳ್ಳಿ. ಜೀವಕ್ಕೆ ಎರವಾಗಬಲ್ಲ 100 ಮಿಲಿಗ್ರಾಂ ಬಿಳಿ ಪಾಷಾಣದಲ್ಲಿರುವ ಆರ್ಸೆನಿಕ್ ಸುಮಾರು 75 ಮಿಲಿಗ್ರಾಂ. ಅಷ್ಟು ಹೊಟ್ಟೆಗೆ ಸೇರಬೇಕಾದರೆ ಒಂದೇ ಊಟಕ್ಕೆ 150 ಕಿಲೋ ಸಿಗಡಿ ತಿನ್ನಬೇಕು. ನಿಂಬೆಯ ವಿಟಮಿನ್ ಸಿ ಇರಲಿ ಬಿಡಲಿ, ಅಜೈವಿಕ ಆರ್ಸೆನಿಕ್‌ನ ಒಂದು ರೂಪವಾದ ಆರ್ಸೆನೇಟನ್ನು ಇನ್ನೂ ಕೆಟ್ಟ ರೂಪವಾದ ಆರ್ಸೆನೈಟ್ ಆಗಿಸುವ ಕೆಲಸವನ್ನು ನಮ್ಮ ದೇಹ ತನ್ನದೇ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಬಳಸಿ ದಿನವೂ ಮಾಡುತ್ತಿರುತ್ತದೆ. ನಿಂಬೆ ಹಿಂಡುವುದನ್ನು ನಿಲ್ಲಿಸಲು ಕಾರಣವೇನೂ ಇಲ್ಲ.

ಹಾಗಾದರೆ ಕರಾವಳಿಯವರು ಆರ್ಸೆನಿಕ್ ಬಗ್ಗೆ ತಲೆಕೆಡಿಸಿಕೊಳ್ಳಬೇಕಾದದ್ದು ಎಲ್ಲಿ? ಅಕ್ಕಿಯಲ್ಲಿ, ಮತ್ತು ಇದುವರೆಗೆ ಪರೀಕ್ಷೆಯನ್ನೇ ಕಾಣದ ಬೋರ್‌ವೆಲ್ ನೀರಿನಲ್ಲಿ.

ಊರಿನ ಹೆಸರಿನಿಂದ ಆಗುವ ಒಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ‘ಮಂಗಳೂರು ಗ್ರೀನ್‌ಸ್ಟೋನ್ ಬೆಲ್ಟ್‌ನಲ್ಲಿ ಆರ್ಸೆನಿಕ್’ ಎಂಬ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದನ್ನು ನೋಡಿ ನೇತ್ರಾವತಿ ದಂಡೆಯವರು ಗಾಬರಿಯಾಗಬೇಕಿಲ್ಲ. ಅದು ಯಾದಗಿರಿ ಜಿಲ್ಲೆಯ ಮಂಗಳೂರು, ಹಳೆಯ ಚಿನ್ನದ ಗಣಿಯ ಪ್ರದೇಶ. ಚಿನ್ನದ ಅದಿರಿನ ಜೊತೆಗೇ ಆರ್ಸೆನೊಪೈರೈಟ್ ಎಂಬ ಖನಿಜ ಇರುತ್ತದೆ. ಅದು ಗಾಳಿಗೆ, ನೀರಿಗೆ ಒಡ್ಡಿಕೊಂಡಾಗ ಆರ್ಸೆನಿಕ್ ಅಂತರ್ಜಲಕ್ಕೆ ಇಳಿಯುತ್ತದೆ. ಅಲ್ಲಿನ ಕಿರದಳ್ಳಿ ತಾಂಡಾದ ಜನರ ಅಂಗೈ, ಅಂಗಾಲುಗಳಲ್ಲಿ ಕಾಣಿಸಿಕೊಂಡ ಗಂಟುಗಳು ಆ ನೀರಿನ ಫಲ. ರಾಜ್ಯದಲ್ಲಿ ಆರ್ಸೆನಿಕ್ ಎಂದರೆ ಮುಖ್ಯವಾಗಿ ಕೇಳಿಬರುವುದು ಆ ಭಾಗವೇ: ಯಾದಗಿರಿ, ಮತ್ತು ಹಟ್ಟಿ ಗಣಿ ಇರುವ ರಾಯಚೂರು. ದೇಶದ ಮಟ್ಟದಲ್ಲಿ ದೊಡ್ಡ ಪೆಟ್ಟು ಬಿದ್ದದ್ದು ಗಂಗಾ ಬಯಲಿಗೆ. 1983ರಲ್ಲಿ ಕೋಲ್ಕತ್ತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಚರ್ಮವೈದ್ಯ ಡಾ. ಕೆ.ಸಿ. ಸಹಾ ಪಶ್ಚಿಮ ಬಂಗಾಳದ ಮೊದಲ ರೋಗಿಗಳನ್ನು ಗುರುತಿಸಿದರು. ಆಮೇಲೆ ಬಾಂಗ್ಲಾದೇಶದ ಆರ್ಸೆನಿಕ್ ತುಂಬಿದ ಕೊಳವೆಬಾವಿಗಳ ಕಥೆ ಜಗತ್ತಿಗೆಲ್ಲ ಗೊತ್ತಾಯಿತು. ಆಹಾರ ಮತ್ತು ಆರ್ಸೆನಿಕ್ ಬಗ್ಗೆ ಮನುಷ್ಯರ ಮೇಲೆ ನಡೆದ ಒಳ್ಳೆಯ ಪ್ರಯೋಗಗಳು ಬಹುತೇಕ ಈ ಎರಡು ನೆಲಗಳಿಂದಲೇ ಬಂದಿವೆ.

ದೇಹ ಅದನ್ನು ಹೇಗೆ ಸಾಗಹಾಕುತ್ತದೆ

ಯಾವ ಆಹಾರ ನೆರವಾಗುತ್ತದೆ ಎಂದು ತಿಳಿಯಬೇಕಾದರೆ ಆರ್ಸೆನಿಕ್ ಒಳಗೆ ಮಾಡುವ ಕೆಲಸ ತಿಳಿದಿರಬೇಕು. ಆರ್ಸೆನೇಟ್ ನೋಡಲು ಫಾಸ್ಫೇಟಿನಂತೆಯೇ ಇರುವುದರಿಂದ ಜೀವಕೋಶದೊಳಗೆ ನುಸುಳಿ ಶಕ್ತಿ ಉತ್ಪಾದನೆಯ ಸರಪಳಿಯನ್ನು ಕೆಡಿಸುತ್ತದೆ. ಆರ್ಸೆನೈಟ್ ಇನ್ನೂ ಕೆಟ್ಟದ್ದು. ಪ್ರೋಟೀನುಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿಕೊಂಡು ಕಿಣ್ವಗಳನ್ನು ಕಟ್ಟಿಹಾಕುತ್ತದೆ. ಈ ಗಡಿಬಿಡಿಯಲ್ಲಿ ಹುಟ್ಟುವ ಉತ್ಕರ್ಷಕ ಕಣಗಳು (ಆಮ್ಲಜನಕದ ಚುರುಕು ಅಣುಗಳು) ಡಿಎನ್‌ಎಗೆ ಹಾನಿ ಮಾಡುತ್ತವೆ. ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿಗೆ ಕಾರಣ ಎಂದು ಅಜೈವಿಕ ಆರ್ಸೆನಿಕ್ಕನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿನಲ್ಲೇ ಇಟ್ಟಿದೆ.

ಪಿತ್ತಜನಕಾಂಗ ಸುಮ್ಮನಿರುವುದಿಲ್ಲ. ಆರ್ಸೆನಿಕ್ಕಿಗೆ ಒಂದು ಮೀಥೈಲ್ ಗುಂಪು (ಒಂದು ಇಂಗಾಲವಿರುವ ಸಣ್ಣ ತುಣುಕು) ಜೋಡಿಸಿ ಎಂಎಂಎ ಮಾಡುತ್ತದೆ, ಇನ್ನೊಂದು ಜೋಡಿಸಿ ಡಿಎಂಎ ಮಾಡುತ್ತದೆ. ಡಿಎಂಎ ಮೂತ್ರದಲ್ಲಿ ಬೇಗ ಹೊರಬೀಳುತ್ತದೆ. ಅರ್ಧದಲ್ಲಿ, ಎಂಎಂಎ ಹಂತದಲ್ಲೇ ನಿಂತುಬಿಟ್ಟರೆ ತೊಂದರೆ ಹೆಚ್ಚು. ಅದರ ಒಂದು ರೂಪ ಮೂಲ ಆರ್ಸೆನೈಟಿಗಿಂತಲೂ ವಿಷಕಾರಿ. ಎರಡನೇ ಹಂತ ಸರಾಗವಾಗಿ ನಡೆಯುವವರಿಗೆ ಅಪಾಯ ಕಡಿಮೆ, ನಿಲ್ಲುವವರಿಗೆ ಹೆಚ್ಚು. ಇದರಲ್ಲಿ ವಂಶವಾಹಿಯ ಪಾಲು ಇದೆ, ಊಟದ ಪಾಲೂ ಇದೆ. ಮೀಥೈಲ್ ಗುಂಪುಗಳನ್ನು ಪೂರೈಸುವ ವ್ಯವಸ್ಥೆ ಓಡುವುದು ಫೋಲೇಟ್ (ಒಂದು ಬಿ ಜೀವಸತ್ವ), ಬಿ12, ಮೆಥಿಯೋನಿನ್, ಕೋಲಿನ್, ಬೀಟೈನ್‌ಗಳ ಮೇಲೆ.

ಹೀಗಾಗಿ ‘ಆರ್ಸೆನಿಕ್ ವಿರೋಧಿ ಆಹಾರ’ ಎಂಬ ಒಂದೇ ಚೀಲದೊಳಗೆ ಎರಡು ಬೇರೆ ಬೇರೆ ಸಾಮಾನು ತುಂಬಿರುತ್ತದೆ. ಒಂದು ಬಗೆ, ಆರ್ಸೆನಿಕ್ಕನ್ನು ಹೊರಗೆ ಕಳಿಸಲು ನೆರವಾಗುವಂಥದ್ದು. ಇನ್ನೊಂದು ಬಗೆ, ಅದು ಒಳಗೇ ಇದ್ದರೂ ಮಾಡುವ ಹಾನಿಯನ್ನು ಸ್ವಲ್ಪ ತಗ್ಗಿಸುವಂಥದ್ದು. ಹೆಸರುವಾಸಿಯಾದ ಮನೆಮದ್ದುಗಳು ಹೆಚ್ಚಾಗಿ ಎರಡನೆಯ ಬಗೆಯವು. ಮನುಷ್ಯರಲ್ಲಿ ಗಟ್ಟಿ ಪುರಾವೆ ಇರುವುದು ಮೊದಲನೆಯದಕ್ಕೆ.

ಫೋಲೇಟ್: ಪುರಾವೆ ಇರುವ ಜಾಗ

ಬಾಂಗ್ಲಾದೇಶದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮೇರಿ ಗ್ಯಾಂಬಲ್ ತಂಡ ಫೋಲೇಟ್ ಕೊರತೆ ಇದ್ದ ವಯಸ್ಕರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು (ಫೋಲೇಟಿನ ಮಾತ್ರೆ ರೂಪ) 12 ವಾರ ಕೊಟ್ಟಿತು. 2006 ಮತ್ತು 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂತ್ರದಲ್ಲಿ ಡಿಎಂಎ ಪಾಲು ಏರಿತು, ರಕ್ತದ ಆರ್ಸೆನಿಕ್ ಸುಮಾರು ಶೇ. 14ರಷ್ಟು ಇಳಿಯಿತು. ಬರೀ ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಇಳಿದದ್ದು ಶೇ. 2–3 ಮಾತ್ರ.

ಈ ಶೇ. 14 ಎಂಬ ಅಂಕಿಯನ್ನು ನೀರಿನ ಪಕ್ಕ ಇಟ್ಟು ನೋಡಬೇಕು. ಲೀಟರಿಗೆ 50 ಮೈಕ್ರೋಗ್ರಾಂ ಇರುವ ನೀರನ್ನು ದಿನಕ್ಕೆ 3 ಲೀಟರ್ ಕುಡಿದರೆ ಒಳಗೆ ಹೋಗುವುದು 150 ಮೈಕ್ರೋಗ್ರಾಂ. ಅದರ ಬದಲು 10 ಮೈಕ್ರೋಗ್ರಾಂ ಇರುವ ಬಾವಿಗೆ ಹೋದರೆ 30. ಒಳಬರುವುದೇ ಶೇ. 80ರಷ್ಟು ಕಡಿಮೆಯಾಯಿತು. ಅತ್ಯುತ್ತಮ ಪುರಾವೆ ಇರುವ ಪೋಷಕಾಂಶವೂ ನೀರು ಬದಲಿಸುವುದಕ್ಕೆ ಸಮನಲ್ಲ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು. ನೀರಿನ ಮೂಲ ಹಾಗೆಯೇ ಇಟ್ಟುಕೊಂಡು ಮದ್ದು ಹುಡುಕುವುದು ನಲ್ಲಿ ತೆರೆದಿಟ್ಟು ನೆಲ ಒರೆಸುವ ಕೆಲಸ.

ಆದರೂ ಫೋಲೇಟ್ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಶಿಫಾರಸಿನಂತೆ ಗಂಡಸರಿಗೆ ದಿನಕ್ಕೆ 300, ಹೆಂಗಸರಿಗೆ 220, ಗರ್ಭಿಣಿಯರಿಗೆ 570 ಮೈಕ್ರೋಗ್ರಾಂ. ನಮ್ಮ ಅಡುಗೆಯಲ್ಲಿ ಇದಕ್ಕೆ ಬರವಿಲ್ಲ. ಅಲಸಂಡೆ, ಕಡಲೆ ಕಾಳುಗಳಲ್ಲಿ 100 ಗ್ರಾಂ ಒಣಕಾಳಿಗೆ 200 ಮೈಕ್ರೋಗ್ರಾಂಗೂ ಮಿಕ್ಕಿ ಇದೆ. ಒಬ್ಬರಿಗೆ 50 ಗ್ರಾಂ ಒಣ ಕಡಲೆ ಲೆಕ್ಕದಲ್ಲಿ ಗಸಿ ಮಾಡಿದರೆ ನೂರರ ಆಚೀಚೆ ಸಿಗಬಹುದು. ಹರಿವೆ, ಬಸಳೆ ಅದರ ಮೇಲೆ ಸೇರಿಕೊಳ್ಳುತ್ತವೆ. ಆದರೆ ಫೋಲೇಟ್ ನೀರಿಗಿಳಿಯುವ, ಬಿಸಿಗೆ ನಾಶವಾಗುವ ಸತ್ವ. ಸೊಪ್ಪನ್ನು ಹೆಚ್ಚಿ ಆಮೇಲೆ ತೊಳೆಯುವುದು, ಬೇಯಿಸಿದ ನೀರನ್ನು ಚೆಲ್ಲುವುದು, ಕಾಳನ್ನು ಬೆಳಗ್ಗೆ ಬೇಯಿಸಿಟ್ಟು ರಾತ್ರಿಯವರೆಗೆ ಎರಡು ಸಲ ಕುದಿಸುವುದು, ಇವು ಮೂರೂ ನಷ್ಟದ ದಾರಿಗಳು. ಇಡೀ ಎಲೆ ತೊಳೆದು ಆಮೇಲೆ ಹೆಚ್ಚಬೇಕು. ಕಾಳು ಬೆಂದ ನೀರು ಗಸಿಗೋ ಸಾರಿಗೋ ಹೋಗಬೇಕು.

ಇನ್ನೊಂದು ತಾಂತ್ರಿಕ ಸಂಗತಿ. ಮಾತ್ರೆಯ ಫೋಲಿಕ್ ಆಮ್ಲ ಆಹಾರದ ಫೋಲೇಟಿಗಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ಪ್ರಯೋಗದ 400 ಮೈಕ್ರೋಗ್ರಾಂ ಮಾತ್ರೆ ಎಂದರೆ ಆಹಾರದ ಲೆಕ್ಕದಲ್ಲಿ ಸುಮಾರು 670. ದಿನವೂ ಅಷ್ಟನ್ನು ಕಾಳು-ಸೊಪ್ಪಿನಿಂದಲೇ ತೆಗೆಯುವುದು ಕಷ್ಟ. ಆರ್ಸೆನಿಕ್ ನೀರು ಕುಡಿದದ್ದು ಪರೀಕ್ಷೆಯಿಂದ ದೃಢಪಟ್ಟವರಿಗೆ ಮಾತ್ರೆಯ ಅಗತ್ಯ ಬೀಳುವುದು ಇದಕ್ಕೇ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಕಬ್ಬಿಣ-ಫೋಲಿಕ್ ಮಾತ್ರೆಯಲ್ಲಿ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದನ್ನು ಹೊಟ್ಟೆ ಕೆಡುತ್ತದೆಂದು ಡಬ್ಬಿಯಲ್ಲೇ ಬಿಡುವವರು ಕಳೆದುಕೊಳ್ಳುವುದು ಕಬ್ಬಿಣವೊಂದನ್ನೇ ಅಲ್ಲ. ಆದರೆ ಶುದ್ಧ ಸಸ್ಯಾಹಾರಿಗಳು ಬಿ12 ನೋಡಿಕೊಳ್ಳದೆ ಸ್ವಂತ ತೀರ್ಮಾನದಲ್ಲಿ ದೊಡ್ಡ ಪ್ರಮಾಣದ ಫೋಲಿಕ್ ಮಾತ್ರೆ ನುಂಗಬಾರದು. ರಕ್ತಹೀನತೆ ಸರಿಹೋದಂತೆ ಕಂಡು, ಬಿ12 ಕೊರತೆಯಿಂದ ನರಗಳಿಗಾಗುವ ಹಾನಿ ಮರೆಯಲ್ಲೇ ಮುಂದುವರಿಯುತ್ತದೆ. ಉಡುಪಿ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಬಿ12 ಮೂಲ ಹಾಲು-ಮೊಸರು. 100 ಮಿಲಿ ಹಾಲಿಗೆ ಸಿಗುವುದು ಅರ್ಧ ಮೈಕ್ರೋಗ್ರಾಂಗೂ ಕಡಿಮೆ, ದಿನಕ್ಕೆ ಬೇಕಾದದ್ದು 2.2. ಊಟದ ಕೊನೆಯ ನೀರುಮಜ್ಜಿಗೆ ಎಷ್ಟು ಲೋಟ ಕುಡಿದರೂ ಈ ಲೆಕ್ಕ ಕೂಡಿಬರುವುದಿಲ್ಲ.

ಪ್ರೋಟೀನಿನದ್ದೂ ಇದೇ ಕಥೆ. ಪಶ್ಚಿಮ ಬಂಗಾಳದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರಾಣಿಮೂಲದ ಪ್ರೋಟೀನ್, ಫೋಲೇಟ್, ಕ್ಯಾಲ್ಸಿಯಂ, ನಾರು ಕಡಿಮೆ ತಿನ್ನುವವರಲ್ಲಿ ಆರ್ಸೆನಿಕ್‌ನ ಚರ್ಮದ ಗಾಯಗಳು ಹೆಚ್ಚು ಕಂಡುಬಂದವು. ಒಂದೇ ಬಾವಿಯ ನೀರು ಕುಡಿದ ಎರಡು ಮನೆಗಳಲ್ಲಿ ಬಡವರ ಮನೆಗೆ ಹೆಚ್ಚು ಏಟು ಬೀಳಲು ಇದೂ ಒಂದು ಕಾರಣ.

ಬೂತಾಯಿ ಯಾಕೆ ಅರಿಶಿನ ಕ್ಯಾಪ್ಸೂಲಿಗಿಂತ ಮೇಲು

ಮೀನಿನಲ್ಲಿ ಆರ್ಸೆನಿಕ್ ಇದೆ ಎಂದು ಮೀನು ಬಿಡುವವರಿಗೆ ಹೇಳಬೇಕಾದ ಮಾತಿದು. ಬೂತಾಯಿ, ಬಂಗುಡೆಗಳಲ್ಲಿ ಪ್ರೋಟೀನ್, ಮೆಥಿಯೋನಿನ್, ಬಿ12, ಸೆಲೆನಿಯಂ, ಕ್ರಿಯಾಟಿನ್ ಎಲ್ಲವೂ ಒಟ್ಟಿಗೇ ಸಿಗುತ್ತವೆ. ಕ್ರಿಯಾಟಿನ್ ಹೆಸರು ಇಲ್ಲಿ ಯಾಕೆ ಬಂತೆಂದರೆ, ದೇಹ ತಾನೇ ಕ್ರಿಯಾಟಿನ್ ತಯಾರಿಸಲು ಮೀಥೈಲ್ ಗುಂಪುಗಳ ದೊಡ್ಡ ಪಾಲನ್ನು ಖರ್ಚು ಮಾಡುತ್ತದೆ. ಊಟದಿಂದ ಬಂದಷ್ಟೂ ಆ ಖರ್ಚು ಉಳಿಯುತ್ತದೆ.

ಸೆಲೆನಿಯಂನ ಕೆಲಸ ಇನ್ನೂ ನೇರ. ಗ್ಲುಟಾಥಯೋನ್ ಜೊತೆ ಸೇರಿ ಅದು ಆರ್ಸೆನಿಕ್ಕನ್ನು ಕಟ್ಟಿ ಪಿತ್ತರಸದ ಮೂಲಕ ಹೊರಗೆ ಕಳಿಸುತ್ತದೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಮಣ್ಣಿನಲ್ಲಿ ಸೆಲೆನಿಯಂ ಹೇರಳ. ಅಲ್ಲಿ ಬೆಳೆದ ಮಸೂರವನ್ನು ಬಾಂಗ್ಲಾದೇಶದ ಕುಟುಂಬಗಳಿಗೆ ಆರು ತಿಂಗಳು ಉಣಿಸಿ ನೋಡಿದ ಪ್ರಯೋಗದಲ್ಲಿ ಮೂತ್ರದಲ್ಲಿ ಆರ್ಸೆನಿಕ್ ಹೊರಹೋಗುವುದು ಹೆಚ್ಚಿತು. ನಮಗೆ ಕೆನಡಾದ ಬೇಳೆ ಬೇಕಿಲ್ಲ. ಬೂತಾಯಿಯಂಥ ಸಾರ್ಡೀನ್ ವರ್ಗದ ಮೀನಿನಲ್ಲಿ 100 ಗ್ರಾಂಗೆ ಸಾಮಾನ್ಯವಾಗಿ 40–50 ಮೈಕ್ರೋಗ್ರಾಂ ಸೆಲೆನಿಯಂ ಇರುತ್ತದೆ, ದಿನದ ಅಗತ್ಯವೇ 40ರ ಸುಮಾರು. ಮೀನು ತಿನ್ನದವರಿಗೆ ಮೊಟ್ಟೆ, ಬೇಳೆಕಾಳು. ಸೆಲೆನಿಯಂ ಮಾತ್ರೆ ಮಾತ್ರ ಬೇಡ. ಬೇಕಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಜಾಗ ಕಿರಿದು. ದಿನಕ್ಕೆ 400 ಮೈಕ್ರೋಗ್ರಾಂ ದಾಟಿ ತಿಂಗಳುಗಟ್ಟಲೆ ಹೋದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ.

ಇನ್ನು ಅರಿಶಿನ. ಪಶ್ಚಿಮ ಬಂಗಾಳದಲ್ಲಿ ಆರ್ಸೆನಿಕ್ ನೀರು ಕುಡಿದವರಿಗೆ ಅರಿಶಿನದ ಸತ್ವವಾದ ಕರ್ಕ್ಯುಮಿನ್ ಕ್ಯಾಪ್ಸೂಲನ್ನು ಕಾಳುಮೆಣಸಿನ ಪೈಪರಿನ್ ಜೊತೆ ಮೂರು ತಿಂಗಳು ಕೊಟ್ಟಾಗ ರಕ್ತಕಣಗಳ ಡಿಎನ್‌ಎ ಹಾನಿ ತಗ್ಗಿತೆಂದು 2010ರಲ್ಲಿ ವರದಿಯಾಗಿದೆ. ಒಳ್ಳೆಯದೇ. ಆದರೆ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3. ನಾಲ್ವರಿಗೆ ಮಾಡುವ ಮೀನಿನ ಗಸಿಗೆ ಅರ್ಧ ಟೀ ಚಮಚ, ಅಂದರೆ ಒಂದೂವರೆ ಗ್ರಾಂ ಪುಡಿ ಹಾಕಿದರೆ ಒಬ್ಬರ ಪಾಲಿಗೆ ಬರುವುದು ಸುಮಾರು 11 ಮಿಲಿಗ್ರಾಂ ಕರ್ಕ್ಯುಮಿನ್. ಒಂದು 500 ಮಿಲಿಗ್ರಾಂ ಕ್ಯಾಪ್ಸೂಲಿಗೆ ಸಾಟಿಯಾಗಬೇಕಾದರೆ 16–17 ಗ್ರಾಂ ಅರಿಶಿನ ತಿನ್ನಬೇಕು. ಅದು ಅಡುಗೆಯಾಗಿ ಉಳಿಯುವುದಿಲ್ಲ. ಹಾಗೆಂದು ಪೈಪರಿನ್ ಸೇರಿಸಿದ ಸಾಂದ್ರ ಕ್ಯಾಪ್ಸೂಲುಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದೂ ನಿರಪಾಯವಲ್ಲ. ಅವುಗಳಿಂದ ಪಿತ್ತಜನಕಾಂಗಕ್ಕೆ ಏಟಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಬಿಡಿಯಾಗಿ ಮಾರುವ ಕಡು ಹಳದಿ ಪುಡಿಯಲ್ಲಿ ಸೀಸದ ಕ್ರೋಮೇಟ್ ಬೆರೆತಿರುವ ಅಪಾಯವೂ ಇದೆ. ಒಂದು ಭಾರಲೋಹಕ್ಕೆ ಮದ್ದೆಂದು ಇನ್ನೊಂದನ್ನು ಕುಡಿದಂತಾದೀತು. ಇಡೀ ಅರಿಶಿನ ಕೊಂಬು ತಂದು ಪುಡಿ ಮಾಡಿಸುವ ಹಳೆಯ ರೂಢಿ ಇಲ್ಲಿ ಜಾಣತನ.

ತಿಮರೆ, ಅಂದರೆ ಒಂದೆಲಗದ ಮೇಲೆ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯ ಇಲಿಗಳಲ್ಲಿ ಪ್ರಯೋಗ ನಡೆಸಿತು. 2006ರ ಆ ಫಲಿತಾಂಶವನ್ನು ಸರಿಯಾಗಿ ಓದಬೇಕು. ಉತ್ಕರ್ಷಕ ಕಣಗಳ ಹಾನಿ ಕಡಿಮೆಯಾಯಿತು, ಅಂಗಾಂಗಗಳಲ್ಲಿದ್ದ ಆರ್ಸೆನಿಕ್ ಮಾತ್ರ ಇಳಿಯಲಿಲ್ಲ. ‘ತೊಳೆದುಹೋಗುತ್ತದೆ’ ಎಂಬ ಸಂದೇಶಕ್ಕೆ ಇದು ನೇರ ಉತ್ತರ. ಅದೇ ಪ್ರಯೋಗಾಲಯ ನುಗ್ಗೆ ಬೀಜದ ಪುಡಿಯನ್ನು ಇಲಿಗಳಿಗೆ ಕಿಲೋ ತೂಕಕ್ಕೆ 500 ಮಿಲಿಗ್ರಾಂನಂತೆ ಕೊಟ್ಟಾಗ ರಕ್ತ ಮತ್ತು ಅಂಗಾಂಗಗಳ ಆರ್ಸೆನಿಕ್ ಇಳಿದದ್ದು ಕಂಡಿತು. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಇಳಿಸುವಾಗ ಸುಮಾರು 6.2ರಿಂದ ಭಾಗಿಸುವುದು ವಾಡಿಕೆ. 60 ಕಿಲೋ ತೂಕದವರಿಗೆ ದಿನಕ್ಕೆ 5 ಗ್ರಾಂನಷ್ಟು ಬೀಜದ ಪುಡಿ ಎಂದಾಯಿತು. ನಾವು ತಿನ್ನುವುದು ನುಗ್ಗೆಯ ಸೊಪ್ಪು ಮತ್ತು ಕೋಡು, ಒಣ ಬೀಜವಲ್ಲ. ಸೊಪ್ಪಿನ ಪಲ್ಯಕ್ಕೆ ಆ ಫಲಿತಾಂಶವನ್ನು ಅಂಟಿಸುವುದು ತಪ್ಪು.

ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳಿಗೆ ಆರ್ಸೆನಿಕ್ ಹಿಡಿಯುವ ಗುಣ ಇದೆ ಎಂಬುದಕ್ಕೆ ಪ್ರಾಣಿಪ್ರಯೋಗಗಳ ಬೆಂಬಲವಿದೆ. ಜಜ್ಜಿ ಹತ್ತು ನಿಮಿಷ ಬಿಟ್ಟು ಆಮೇಲೆ ಒಗ್ಗರಣೆಗೆ ಹಾಕಿದರೆ ಆ ಸಂಯುಕ್ತಗಳು ಹೆಚ್ಚು ಉಳಿಯುತ್ತವೆ. ಇಡೀ ಎಸಳನ್ನು ಕಾದ ಎಣ್ಣೆಗೆ ಹಾಕಿದರೆ ಅವನ್ನು ಹುಟ್ಟಿಸುವ ಕಿಣ್ವವೇ ಸಾಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹಸಿ ಬೆಳ್ಳುಳ್ಳಿಯ ಪ್ರಯೋಗಕ್ಕೆ ಇಳಿಯಬಾರದು. ಸ್ಪಿರುಲಿನಾ ಎಂಬ ಪಾಚಿ ಮತ್ತು ಸತುವನ್ನು 16 ವಾರ ಕೊಟ್ಟ ಬಾಂಗ್ಲಾದೇಶದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಗಿ ಚೆನ್ನಾಗಿ ಪ್ರಚಾರ ಪಡೆಯಿತು, ಆದರೆ ಅದರಲ್ಲಿದ್ದ ರೋಗಿಗಳು 41 ಮಂದಿ ಮಾತ್ರ.

ಅಕ್ಕಿ, ಗಂಜಿ ಮತ್ತು ತೆಳಿ

ನೀರು ಶುದ್ಧವಾಗಿರುವ ಕಡೆ ಆರ್ಸೆನಿಕ್ ಒಳಬರುವ ಮುಖ್ಯ ದಾರಿ ಅನ್ನ. ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿನಲ್ಲಿ ಆಮ್ಲಜನಕ ಮುಗಿದು, ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡಿದ್ದ ಆರ್ಸೆನಿಕ್ ಬಿಡುಗಡೆಯಾಗಿ ಆರ್ಸೆನೈಟ್ ರೂಪ ತಾಳುತ್ತದೆ. ಭತ್ತದ ಬೇರು ಸಿಲಿಕಾ ಹೀರುವ ದಾರಿಯಲ್ಲೇ ಅದನ್ನೂ ಹೀರುತ್ತದೆ. ಹೊಟ್ಟಿನ ಪದರದಲ್ಲಿ ಅದು ಹೆಚ್ಚು ಸೇರುವುದರಿಂದ ಹೊಟ್ಟು ಉಳಿಸಿದ ಕಜೆ ಅಕ್ಕಿಯಲ್ಲಿ ಬಿಳಿ ಅಕ್ಕಿಗಿಂತ ಹೆಚ್ಚಿರುತ್ತದೆ. ಅಂತಾರಾಷ್ಟ್ರೀಯ ಆಹಾರ ಮಾನಕವಾದ ಕೋಡೆಕ್ಸ್‌ನ ಮಿತಿಯೂ ಪಾಲಿಶ್ ಮಾಡಿದ ಅಕ್ಕಿಗೆ ಕಿಲೋಗೆ 0.2 ಮಿಲಿಗ್ರಾಂ, ಹೊಟ್ಟು ಉಳಿಸಿದ ಅಕ್ಕಿಗೆ 0.35 ಮಿಲಿಗ್ರಾಂ. ಮಂಗಳೂರು, ಉಡುಪಿಯ ಅಂಗಡಿಗಳಲ್ಲಿ ಸಿಗುವ ಅಕ್ಕಿಯಲ್ಲಿ ಹೊರಗಿನಿಂದ ಬಂದದ್ದೂ ಬಹಳ. ಆದ್ದರಿಂದ ನಮ್ಮ ಗದ್ದೆ ಒಳ್ಳೆಯದು ಎಂಬ ಸಮಾಧಾನ ಎಲ್ಲರಿಗೂ ಸಲ್ಲದು.

ದಿನಕ್ಕೆ 300 ಗ್ರಾಂ ಅಕ್ಕಿ ಉಣ್ಣುವವರಿಗೆ, ಅಕ್ಕಿಯಲ್ಲಿ ಕಿಲೋಗೆ 0.1 ಮಿಲಿಗ್ರಾಂ ಇದೆ ಎಂದರೆ, ಸೇರುವುದು 30 ಮೈಕ್ರೋಗ್ರಾಂ. ಮಿತಿಯ ಅಂಚಿನಲ್ಲಿರುವ (ಲೀಟರಿಗೆ 10 ಮೈಕ್ರೋಗ್ರಾಂ) ನೀರನ್ನು 3 ಲೀಟರ್ ಕುಡಿದಷ್ಟೇ ಆಯಿತು. ಇದನ್ನು ಅರ್ಧಕ್ಕೆ ಇಳಿಸಲು ಯಾವ ಮದ್ದೂ ಬೇಡ, ಪಾತ್ರೆ ಮತ್ತು ನೀರು ಸಾಕು.

ಚೆನ್ನಾಗಿ ತೊಳೆದು, ಅಕ್ಕಿಯ ಆರು ಪಟ್ಟು ನೀರಿನಲ್ಲಿ ಬೇಯಿಸಿ, ನೀರು ಬಸಿದು ಚೆಲ್ಲಿದರೆ ಅಕ್ಕಿಯ ಆರ್ಸೆನಿಕ್‌ನ ಅರ್ಧಕ್ಕೂ ಹೆಚ್ಚು ಹೋಗುತ್ತದೆ ಎಂದು ಬಂಗಾಳದ ಹಳೆಯ ಅಡುಗೆ ಕ್ರಮವನ್ನು ಅಳೆದ 2006ರ ಅಧ್ಯಯನ ತೋರಿಸಿದೆ. ಕರಾವಳಿಯ ಕುಚ್ಚಲಕ್ಕಿ ಅನ್ನ ಮಾಡುವ ಕ್ರಮವೂ ಇದೇ: ದೊಡ್ಡ ಪಾತ್ರೆ, ಧಾರಾಳ ನೀರು, ಕೊನೆಗೆ ಬಸಿಯುವುದು. ವ್ಯತ್ಯಾಸವಿರುವುದು ಬಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬಲ್ಲಿ. ನಮ್ಮಲ್ಲಿ ತೆಳಿಗೆ ಉಪ್ಪು ಹಾಕಿ ಕುಡಿಯುತ್ತಾರೆ, ಜ್ವರ ಬಂದವರಿಗೆ ಕೊಡುತ್ತಾರೆ, ಮಗುವಿಗೂ ಕುಡಿಸುತ್ತಾರೆ. ಗಂಜಿ ಊಟದಲ್ಲಂತೂ ನೀರೂ ಅನ್ನವೂ ಒಂದೇ ಬಟ್ಟಲಲ್ಲಿ. ಅನ್ನದಿಂದ ಹೊರಬಂದ ಆರ್ಸೆನಿಕ್ ತೆಳಿಯ ಮೂಲಕ ಅದೇ ಹೊಟ್ಟೆಗೆ ಮರಳುತ್ತದೆ.

ತೆಳಿ ಬಿಡಬೇಕೆಂದೇನಿಲ್ಲ. ಮೊದಲ ನೀರನ್ನು ಬಿಟ್ಟರೆ ಸಾಕು. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯ 2020ರಲ್ಲಿ ಪ್ರಕಟಿಸಿದ ಕ್ರಮ ಇದಕ್ಕೆ ಹೊಂದುತ್ತದೆ. ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರನ್ನು ಮೊದಲು ಕುದಿಸಿ, ಅಕ್ಕಿ ಹಾಕಿ, ಐದು ನಿಮಿಷ ಕುದಿಸಿ, ಆ ನೀರನ್ನು ಪೂರ್ತಿ ಚೆಲ್ಲಬೇಕು. ಆಮೇಲೆ ಹೊಸ ನೀರು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಅವರ ಅಳತೆಯಲ್ಲಿ ಬಿಳಿ ಅಕ್ಕಿಯ ಅಜೈವಿಕ ಆರ್ಸೆನಿಕ್ ಶೇ. 73ರಷ್ಟು, ಹೊಟ್ಟು ಉಳಿಸಿದ ಅಕ್ಕಿಯದ್ದು ಶೇ. 54ರಷ್ಟು ಹೋಯಿತು. ಅವರು ಎರಡನೇ ಸುತ್ತಿಗೆ ಎರಡು ಲೋಟ ನೀರು ಹಾಕಿ ಇಂಗಿಸುತ್ತಾರೆ. ಕುಚ್ಚಲಕ್ಕಿಗೆ ಅದು ಸಾಲದು, ಆರು ಲೋಟವಾದರೂ ಬೇಕು. ಆ ಎರಡನೇ ನೀರಿನ ತೆಳಿ ಕುಡಿಯಲು ಅಡ್ಡಿಯಿಲ್ಲ. ಥರ್ಮಲ್ ಕುಕ್ಕರ್‌ನಲ್ಲಿ ಇಡುವವರು ಐದು ನಿಮಿಷದ ನೀರು ಚೆಲ್ಲಿ, ಹೊಸ ನೀರು ಹಾಕಿ, ಪುನಃ ಚೆನ್ನಾಗಿ ಕುದಿ ಬಂದ ಮೇಲೆಯೇ ಡಬ್ಬಿಯೊಳಗೆ ಇಡಬೇಕು. ಉಗುರುಬೆಚ್ಚಗಿನ ನೀರಿನೊಂದಿಗೆ ಇಟ್ಟರೆ ಅಕ್ಕಿ ಬೇಯದೆ ಬಿರುಸಾಗಿಯೇ ಉಳಿಯುತ್ತದೆ. ಪ್ರೆಶರ್ ಕುಕ್ಕರ್‌ನಲ್ಲಿ ಅಳತೆ ನೀರಿಟ್ಟು ಸೀಟಿ ಹಾಕಿಸಿದರೆ ಏನೂ ಹೊರಹೋಗುವುದಿಲ್ಲ.

ನೀರು ಚೆಲ್ಲಿದರೆ ಬಿ ಜೀವಸತ್ವಗಳೂ ಹೋಗುತ್ತವೆ ಎಂಬ ಆಕ್ಷೇಪ ಸರಿಯೇ. ಸಾರವರ್ಧಿತ ಅಕ್ಕಿಯಲ್ಲಿ ಸೇರಿಸುವ ಫೋಲಿಕ್ ಆಮ್ಲ ಕಿಲೋಗೆ 75–125 ಮೈಕ್ರೋಗ್ರಾಂ. 300 ಗ್ರಾಂ ಅಕ್ಕಿಯಿಂದ ಬರುವುದು ಮೂವತ್ತರ ಸುಮಾರು, ಅದನ್ನು ಒಂದು ಬಟ್ಟಲು ಕಡಲೆ ಗಸಿ ತುಂಬಿಕೊಡುತ್ತದೆ. ಹೀಗೆ ಒಂದೇ ಒಲೆಯ ಮೇಲೆ ಎರಡು ನಿಯಮ: ಅಕ್ಕಿಯ ಮೊದಲ ನೀರು ಚೆಲ್ಲಿ, ಕಾಳು-ಸೊಪ್ಪಿನ ನೀರು ಉಳಿಸಿ. ಆದರೆ ಅಡುಗೆಯ ನೀರೇ ಕೆಟ್ಟದ್ದಾದರೆ ಎಲ್ಲವೂ ತಲೆಕೆಳಗು. ಆಗ ಅನ್ನ ಆರ್ಸೆನಿಕ್ ಬಿಡುವುದಿಲ್ಲ, ನೀರಿನಿಂದ ಹೀರಿಕೊಳ್ಳುತ್ತದೆ.

ಬಾವಿ, ಬೋರ್‌ವೆಲ್, ಫಿಲ್ಟರ್

ನಮ್ಮ ಮುರಕಲ್ಲಿನ ತೆರೆದ ಬಾವಿಗಳಿಗೆ ಒಂದು ಅನುಕೂಲವಿದೆ. ಕೆಂಪುಕಲ್ಲಿನಲ್ಲಿರುವ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಆರ್ಸೆನಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ, ನೀರು ತುಸು ಆಮ್ಲೀಯವಾಗಿದ್ದರೆ ಇನ್ನೂ ಚೆನ್ನಾಗಿ. ಖರಗ್‌ಪುರ ಐಐಟಿಯ ಪ್ರೊ. ಸಿರ್ಷೇಂದು ಡೇ ತಂಡ ಇದೇ ಕಲ್ಲನ್ನು ಆಮ್ಲ ಮತ್ತು ಕ್ಷಾರದಿಂದ ಸಂಸ್ಕರಿಸಿ ಬಂಗಾಳಕ್ಕೆ ಆರ್ಸೆನಿಕ್ ಫಿಲ್ಟರ್ ಮಾಡಿಕೊಟ್ಟಿತು. ಆಳದ ಬಂಡೆಯಿಂದ ನೀರೆತ್ತುವ ಬೋರ್‌ವೆಲ್‌ಗೆ ಈ ರಕ್ಷಣೆ ಇಲ್ಲ. ಅದರ ನೀರನ್ನು ಒಮ್ಮೆಯಾದರೂ ಪರೀಕ್ಷಿಸಬೇಕು. ಭಾರತೀಯ ಮಾನಕದ ಸ್ವೀಕಾರಾರ್ಹ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ.

ಮಾದರಿ ಹಿಡಿಯುವಲ್ಲೇ ಹೆಚ್ಚಿನ ತಪ್ಪು ನಡೆಯುವುದು. ಪಂಪನ್ನು ಐದಾರು ನಿಮಿಷ ಓಡಿಸಿ ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಹಿಡಿಯಬೇಕು. ಪ್ರಯೋಗಾಲಯ ಕೊಡುವ, ನೈಟ್ರಿಕ್ ಆಮ್ಲದ ಹನಿ ಹಾಕಿದ ಬಾಟಲಿಯೇ ಬೇಕು. ಸಾದಾ ಬಾಟಲಿಯಲ್ಲಿಟ್ಟ ನೀರಿನ ಕಬ್ಬಿಣ ಕೆಂಪಾಗಿ ತಳಕ್ಕಿಳಿಯುವಾಗ ಆರ್ಸೆನಿಕ್ಕನ್ನೂ ಎಳೆದುಕೊಂಡು ಹೋಗುತ್ತದೆ, ವರದಿ ಸುಳ್ಳೇ ಚೆನ್ನಾಗಿ ಬರುತ್ತದೆ. ಬಣ್ಣ ನೋಡುವ ಕಿಟ್ 50ಕ್ಕಿಂತ ಮೇಲಿದೆಯೇ ಎಂಬುದಕ್ಕೆ ಪರವಾಗಿಲ್ಲ, 10ರ ಆಸುಪಾಸಿನಲ್ಲಿ ನಂಬಬೇಡಿ.

ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾಗಿ ಪ್ರಮಾಣ ಏರುತ್ತದೆ. ಎರಡು ಲೀಟರ್ ಕುದಿದು ಒಂದೂವರೆಗೆ ಬಂದರೆ ಮೂರನೇ ಒಂದರಷ್ಟು ಹೆಚ್ಚು. ಕ್ಯಾಂಡಲ್, ಇದ್ದಿಲು, ಯುವಿ ಫಿಲ್ಟರುಗಳು ಇದಕ್ಕೆ ಉಪಯೋಗವಿಲ್ಲ. ಆರ್‌ಒ ಆರ್ಸೆನೇಟನ್ನು ಚೆನ್ನಾಗಿ ತಡೆಯುತ್ತದೆ, ಆರ್ಸೆನೈಟನ್ನು ಅಷ್ಟಾಗಿ ತಡೆಯದು. ಆದ್ದರಿಂದ ಆರ್‌ಒ ಹಾಕಿದ ಮೇಲೆ ಹೊರಬರುವ ನೀರನ್ನೂ ಪರೀಕ್ಷಿಸಬೇಕು.

ಮೀನು ತಿಂದು ಮೂತ್ರ ಪರೀಕ್ಷೆಗೆ ಹೋಗಬೇಡಿ

‘ನೈಸರ್ಗಿಕ’ ಎಂದು ಮಾರುವ ಪುಡಿಗಳ ಬಗ್ಗೆ ಒಂದು ಎಚ್ಚರ. ಹರತಾಳ, ಮನಶ್ಶಿಲೆ, ಗೌರಿಪಾಷಾಣ ಮೂರೂ ಆರ್ಸೆನಿಕ್‌ನ ಖನಿಜಗಳೇ, ರಸೌಷಧಗಳಲ್ಲಿ ಬಳಕೆಯಲ್ಲಿರುವಂಥವು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಬೋಸ್ಟನ್ ಸುತ್ತಮುತ್ತಲಿನ ಅಂಗಡಿಗಳಿಂದ ತಂದು ಪರೀಕ್ಷಿಸಿದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಪರೀಕ್ಷೆಯಲ್ಲಿ ಆರ್ಸೆನಿಕ್ ಹೆಚ್ಚು ಬಂದರೆ ವೈದ್ಯರು ಮೊದಲು ಕೇಳಬೇಕಾದದ್ದು ನೀರಿನ ಬಗ್ಗೆ, ಎರಡನೆಯದು ಲೇಬಲ್ ಇಲ್ಲದ ಪುಡಿ-ಗುಳಿಗೆಗಳ ಬಗ್ಗೆ.

ಅಂಗೈ, ಅಂಗಾಲಿನಲ್ಲಿ ಗಂಟು, ಎದೆ-ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಪ್ಪು-ಬಿಳಿ ಚುಕ್ಕೆ ಇದ್ದರೆ ಚರ್ಮವೈದ್ಯರನ್ನು ಕಾಣಬೇಕು. ವರ್ಷಗಟ್ಟಲೆ ವಿಷ ಸೇರಿದ ಮೇಲೆಯೇ ಇವು ಕಾಣಿಸುವುದು. ರಕ್ತ ಪರೀಕ್ಷೆ ಕೆಲವು ಗಂಟೆಗಳ ಹಿಂದಿನದನ್ನಷ್ಟೇ ಹೇಳುತ್ತದೆ, ಮೂತ್ರ ಕೆಲವು ದಿನಗಳದ್ದನ್ನು, ಉಗುರು ಮತ್ತು ಕೂದಲು ತಿಂಗಳುಗಳದ್ದನ್ನು. ಕರಾವಳಿಯವರು ಮೂತ್ರ ಕೊಡುವ ಮುನ್ನ ನಾಲ್ಕೈದು ದಿನ ಮೀನು, ಸಿಗಡಿ, ಮರುವಾಯಿ-ಪಚ್ಚಿಲೆಯಂಥ ಚಿಪ್ಪುಮೀನು ಪೂರ್ತಿ ಬಿಟ್ಟಿರಬೇಕು. ಇಲ್ಲವಾದರೆ ಆರ್ಸೆನೊಬೀಟೈನ್ ಸೇರಿಕೊಂಡು ‘ಒಟ್ಟು ಆರ್ಸೆನಿಕ್’ ಹಲವು ಪಟ್ಟು ಏರಿ ಕಾಣುತ್ತದೆ. ಚಿಪ್ಪುಮೀನಿನಲ್ಲಿರುವ ಆರ್ಸೆನೊಶುಗರ್ ಎಂಬ ಇನ್ನೊಂದು ಸಾವಯವ ರೂಪ ದೇಹದಲ್ಲಿ ಡಿಎಂಎ ಆಗಿಯೇ ಹೊರಬರುವುದರಿಂದ ರೂಪ ಬೇರ್ಪಡಿಸಿ ಅಳೆಯುವ ಪರೀಕ್ಷೆಯನ್ನೂ ಅದು ದಾರಿ ತಪ್ಪಿಸುತ್ತದೆ. ಪ್ರಯೋಗಾಲಯಕ್ಕೆ ‘ಅಜೈವಿಕ ಆರ್ಸೆನಿಕ್, ಎಂಎಂಎ, ಡಿಎಂಎ ಬೇರೆ ಬೇರೆಯಾಗಿ ಬೇಕು’ ಎಂದೇ ಬರೆಸಿ. ಬರೀ ಒಟ್ಟು ಅಂಕಿ ಹೆಚ್ಚು ಬಂತೆಂದು ಯಾರಾದರೂ ‘ಡಿಟಾಕ್ಸ್’ ಡ್ರಿಪ್ ಹಚ್ಚಲು ಹೊರಟರೆ, ಮೀನು ನಿಲ್ಲಿಸಿ ಒಂದು ವಾರದ ನಂತರ ಪುನಃ ಪರೀಕ್ಷೆ ಮಾಡಿಸುವವರೆಗೆ ಒಪ್ಪಬೇಡಿ.